ಬೆರಳಿಟ್ಟು ನೋಡಿ, ಆಮೇಲೆ ನೀರು ಹಾಕಿ

ತಂಗಿ, ಮದುವೆಯಾಗಿ ರಾಮದುರ್ಗಕ್ಕೆ ಹೋದ ಗೆಳತಿ ಈಗ ಫೋನು ಎತ್ತುತ್ತಿಲ್ಲ, ದಿನಾ ನೀರು ಹಾಕಿದರೂ ಆಕೆ ಕೊಟ್ಟ ಮನಿಪ್ಲಾಂಟ್ ಹಳದಿಯಾಗುತ್ತಿದೆ ಎಂದು ಬರೆದಿದ್ದೀರಿ. ಎರಡಕ್ಕೂ ಕಾರಣ ಒಂದೇ ಇರಬಹುದು: ಅತಿಯಾದ ಆರೈಕೆ. ಮೊದಲು ಗಿಡದ ಮಾತು. ಬೈಲಹೊಂಗಲ, ಸವದತ್ತಿ ಸೀಮೆಯ ಎರೆಮಣ್ಣು ಬಿಳಿಜೋಳಕ್ಕೆ ಬಂಗಾರ. ಮಳೆ ನಿಂತ ಮೇಲೂ ಒಳಗಿನ ಹಸಿಯಲ್ಲೇ ಹಿಂಗಾರಿ ಪೈರು ಬೆಳೆಯುತ್ತದೆ. ನಿಮ್ಮ ಕುಂಡದಲ್ಲಿರುವುದೂ ಅದೇ ಮಣ್ಣಾಗಿದ್ದರೆ ಆ ಗುಣವೇ ಮುಳುವಾಗುತ್ತದೆ. ಮೇಲೆ ಬಿರುಕು ಬಿಟ್ಟು ಒಣಗಿದಂತೆ ಕಂಡರೂ ಎರಡು ಇಂಚು ಕೆಳಗೆ ಕೆಸರು. ಗಾಳಿಯಾಡದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರೆಳೆಯಲಾರದು, ಎಲೆ ಬಾಡುತ್ತದೆ. ನೋಡಿದವರಿಗೆ ಅದು ಬಾಯಾರಿಕೆಯಂತೆಯೇ ಕಾಣುತ್ತದೆ. ನಾವು ಇನ್ನೊಂದು ಚೆಂಬು ಸುರಿಯುತ್ತೇವೆ.

ಹೊಸ ಮನೆ, ಹೊಸ ಮಂದಿಯ ನಡುವೆ ಬೇರೂರುತ್ತಿರುವವಳಿಗೆ ದಿನಕ್ಕೆ ನಾಲ್ಕು ಸಲ ಬರುವ ಫೋನೂ ಹಾಗೆಯೇ. ಸುಮ್ಮನಿದ್ದರೆ ಮರೆತೆನೆಂದು ಆಕೆ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಮರೆಯುವುದು ಬೇರೆ, ಕಾಯುವುದು ಬೇರೆ. ಮಣ್ಣಿಗೆ ಬೆರಳಿಟ್ಟು ನೋಡಿ ನೀರು ಹಾಕದೆ ಬಿಟ್ಟ ದಿನವೂ ಆರೈಕೆಯ ದಿನವೇ. ಗಿಡಕ್ಕೆ ಬಾಯಿಲ್ಲ, ಗೆಳತಿಗಿದೆ ಎಂಬ ಮಾತು ನಿಜ. ಆದ್ದರಿಂದಲೇ ಊಹಿಸುವ ಬದಲು ಆಕೆಯನ್ನೇ ಕೇಳಬೇಕು. ಆಕೆಯ ಮೌನಕ್ಕೆ ನಿಮಗೆ ಗೊತ್ತಿಲ್ಲದ ಕಷ್ಟವೂ ಕಾರಣವಿರಬಹುದು. ಕುಂಡದ ಮಣ್ಣಿಗೆ ಉಸುಕು, ತಿಪ್ಪೆಗೊಬ್ಬರ ಬೆರೆಸಿ, ತಳದ ತೂತು ಬಿಡಿಸಿ. ಗೆಳತಿಗೆ ಒಂದೇ ಸಾಲು ಬರೆಯಿರಿ: ನಿನಗೆ ಯಾವಾಗ ಬಿಡುವು? ಉತ್ತರ ಬರುವ ತನಕ ಮತ್ತೆ ಫೋನು ಮಾಡಬೇಡಿ.