ದರಫಲಕದ ಪೆಟ್ಟಿಗೆಗೆ ವೈ-ಫೈ ಜೋಡಿಸುವ ಕ್ರಮ



ಸಂಘದ ಜಗಲಿಯಲ್ಲಿ ಸೀಮೆಸುಣ್ಣದಿಂದ ದರ ಬರೆಯುತ್ತಿದ್ದ ಕರಿಹಲಗೆ ಹೋಗಿ ಟಿ.ವಿ. ಪರದೆ ಬಂದಿರುವುದು ತಮಗೆಲ್ಲ ತಿಳಿದೇ ಇದೆ. ರಾಶಿ, ಬೆಟ್ಟೆ, ಗೊರಬಲುಗಳ ಕ್ವಿಂಟಲ್ ದರವೂ ಕಾಫಿಯ 50 ಕೆ.ಜಿ. ಚೀಲದ ದರವೂ ಅದರಲ್ಲಿ ಮೂಡುತ್ತವೆ. ಈ ಕೆಲಸ ಮಾಡುವುದು ಪರದೆಯಲ್ಲ, ಅದರ ಹಿಂದಿರುವ ಅಂಗೈ ಅಗಲದ ಪೆಟ್ಟಿಗೆ. ಇದಕ್ಕೆ ಪ್ಲೇಯರ್ ಎನ್ನುತ್ತಾರೆ. ಶಾಖೆಗಳಲ್ಲಿ ಇದನ್ನು ಜೋಡಿಸುವವರಿಗೂ, ಸ್ವಂತ ಅಂಗಡಿಯಲ್ಲಿ ಇಟ್ಟುಕೊಳ್ಳಬಯಸುವ ಸದಸ್ಯರಿಗೂ ಉಪಯೋಗವಾಗಲೆಂದು ಈ ಪಾಠ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕಳೆದ ಕೊಯ್ಲಿನಲ್ಲಿ ನಾನು ಕಚೇರಿಯ ವೈ-ಫೈ ಪಾಸ್‌ವರ್ಡ್ ಬದಲಾಯಿಸಿದೆ. ಪೆಟ್ಟಿಗೆಗೆ ಹೊಸದನ್ನು ಕೊಡಲು ಮರೆತೆ. ಪರದೆ ಕಪ್ಪಾಗಿದ್ದರೆ ಅಂದೇ ತಿಳಿಯುತ್ತಿತ್ತು. ಆದರೆ ಸಂಪರ್ಕ ತಪ್ಪಿದಾಗ ಪೆಟ್ಟಿಗೆ ತನ್ನೊಳಗೆ ಉಳಿಸಿಕೊಂಡದ್ದನ್ನೇ ತೋರಿಸುತ್ತಿರುತ್ತದೆ. ಮೂರು ದಿನ ಹಳೆಯ ದರವೇ ಕಾಣಿಸಿತು. ಅದನ್ನು ನಂಬಿ ಜೀಪಿನಿಂದ ಮೂಟೆ ಇಳಿಸಿದ ಒಬ್ಬ ಸಣ್ಣ ಹಿಡುವಳಿದಾರರಿಗೆ ತೂಕವಾದ ಮೇಲೆ ಕಡಿಮೆ ದರದ ಚೀಟಿ ಸಿಕ್ಕಿತು. ಅವರು ಜಗಳವಾಡಲಿಲ್ಲ, ಪರದೆಯ ಕಡೆ ಒಮ್ಮೆ ನೋಡಿ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಸಹಕಾರ ಸಂಘಕ್ಕೆ ನಂಬಿಕೆಯೇ ಬಂಡವಾಳ. ಆದ್ದರಿಂದ ಇದು ಬರಿಯ ಯಂತ್ರದ ವಿಷಯವಲ್ಲ.

ಇನ್ನು ಕ್ರಮವನ್ನು ನೋಡೋಣ.

1. ಅಲೆಯ ಆಯ್ಕೆ: ರೂಟರ್ ಸಾಮಾನ್ಯವಾಗಿ ಎರಡು ಬಗೆಯ ಅಲೆಗಳನ್ನು ಬಿಡುತ್ತದೆ. 2.4 ಗಿಗಾಹರ್ಟ್ಸ್ ಅಲೆ ನಿಧಾನವಾದರೂ ದೂರ ಹೋಗುತ್ತದೆ, ಗೋಡೆಯನ್ನೂ ಹೆಚ್ಚು ಚೆನ್ನಾಗಿ ದಾಟುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಅದರ ವ್ಯಾಪ್ತಿ ಕಡಿಮೆ. ದರಪಟ್ಟಿಗೆ ವೇಗ ಬೇಕಿಲ್ಲ, 2.4 ಸಾಕು. ಎಲ್ಲ ಪೆಟ್ಟಿಗೆಗಳಿಗೂ 5 ಹಿಡಿಯುವುದಿಲ್ಲ. ಉದಾಹರಣೆಗೆ, 2016ರ ರಾಸ್ಪ್‌ಬೆರಿ ಪೈ 3 ಬಿ ಮಾದರಿಗೆ 2.4 ಮಾತ್ರ, 2018ರ 3 ಬಿ ಪ್ಲಸ್‌ಗೆ ಎರಡೂ ಆಗುತ್ತದೆ. ಅಕ್ಕಪಕ್ಕದ ಅಂಗಡಿಗಳ ವೈ-ಫೈ ಅಡ್ಡ ಬರುತ್ತಿದ್ದರೆ ರೂಟರಿನಲ್ಲಿ 1, 6, 11 ಈ ಮೂರು ಚಾನೆಲ್‌ಗಳಲ್ಲಿ ಬಿಡುವಿರುವುದನ್ನು ಆರಿಸಿ. ಇವು ಒಂದರ ಮೇಲೊಂದು ಬೀಳುವುದಿಲ್ಲ.

2. ಜಾಗ: ಟಿ.ವಿ.ಯ ಬೆನ್ನಿನ ಲೋಹದ ತಗಡು, ಕಬ್ಬಿಣದ ಬೀರು, ಒತ್ತೊತ್ತಾಗಿ ಪೇರಿಸಿದ ಮೂಟೆ ಇವೆಲ್ಲ ಅಲೆಯನ್ನು ತಡೆಯುತ್ತವೆ ಇಲ್ಲವೆ ಕುಗ್ಗಿಸುತ್ತವೆ. ಪೆಟ್ಟಿಗೆಯನ್ನು ಟಿ.ವಿ.ಯ ಅಂಚಿನಿಂದ ಒಂದು ಗೇಣು ಹೊರಗೆ ಬರುವಂತೆ ಕಟ್ಟಿರಿ. ಅಲೆಯ ಬಲವನ್ನು ಋಣಸಂಖ್ಯೆಯಲ್ಲಿ ಅಳೆಯುತ್ತಾರೆ: -50 ಇದ್ದರೆ ಉತ್ತಮ, -70ಕ್ಕಿಂತ ಕೆಳಗಿಳಿದು -80ರ ಕಡೆಗೆ ಹೋದರೆ ಸಂಪರ್ಕ ಆಗಾಗ ತಪ್ಪುತ್ತದೆ.

3. ಹೆಸರು, ಪಾಸ್‌ವರ್ಡ್: ಪೆಟ್ಟಿಗೆಗೆ ಕೀಲಿಮಣೆ ಜೋಡಿಸಿ, ನೆಟ್‌ವರ್ಕ್ ಪುಟದಲ್ಲಿ ದೇಶ ‘ಭಾರತ’ ಎಂದು ಆರಿಸಿ, ಅನಂತರ ವೈ-ಫೈ ಹೆಸರನ್ನು ಆರಿಸಿರಿ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳು ಇಲ್ಲಿ ಬೇರೆ ಬೇರೆಯೇ. ಸೊನ್ನೆಗೂ ‘ಓ’ ಅಕ್ಷರಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಮೊಬೈಲ್ ನಂಬರೋ ಓ.ಟಿ.ಪಿ.ಯೋ ಕೇಳುವ ಸಾರ್ವಜನಿಕ ವೈ-ಫೈ ಬೇಡ. ಅದನ್ನು ದಿನವೂ ತುಂಬಿಕೊಡಲು ಪೆಟ್ಟಿಗೆಯ ಬಳಿ ಯಾರೂ ಕುಳಿತಿರುವುದಿಲ್ಲ.

4. ವಿಳಾಸ: ಸಂಪರ್ಕವಾದೊಡನೆ ರೂಟರ್ ಪೆಟ್ಟಿಗೆಗೆ ಒಂದು ಐ.ಪಿ. ವಿಳಾಸ ಕೊಡಬೇಕು. ಅದು 192.168 ಎಂದೋ 10 ಎಂದೋ ಮೊದಲಾಗಿದ್ದರೆ ಸಾಮಾನ್ಯವಾಗಿ ಸರಿಯಾಗಿದೆ ಎಂದು ತಿಳಿಯಬಹುದು. 169.254 ಎಂದು ಮೊದಲಾಗಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಪೆಟ್ಟಿಗೆ ತಾನೇ ಹೊಂದಿಸಿಕೊಂಡಿದೆ ಎಂದರ್ಥ. ರೂಟರನ್ನು ಒಮ್ಮೆ ಆರಿಸಿ ಹೊತ್ತಿಸಿ, ಮತ್ತೆ ಜೋಡಿಸಿರಿ.

5. ಗಡಿಯಾರ: ರಾಸ್ಪ್‌ಬೆರಿ ಪೈ 3, 4ರಂಥ ಮಾದರಿಗಳ ಒಳಗೆ ಬ್ಯಾಟರಿ ಗಡಿಯಾರವಿಲ್ಲ. ಕರೆಂಟು ಹೋಗಿ ಬಂದಾಗ ಅವು ಸಮಯವನ್ನು ಇಂಟರ್‌ನೆಟ್ಟಿನಿಂದಲೇ ಪಡೆಯಬೇಕು. ದಿನಾಂಕ ತಪ್ಪಿದ್ದರೆ ಸುರಕ್ಷಿತ ಪುಟಗಳು ತೆರೆಯುವುದಿಲ್ಲ, ಹೊಸ ದರವೂ ಇಳಿಯುವುದಿಲ್ಲ. ಆದ್ದರಿಂದ ಎಲ್ಲ ಸರಿಯಿದ್ದೂ ದರ ಬಾರದಿದ್ದರೆ ದಿನಾಂಕ ನೋಡಿರಿ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಪಾಡು ಗೊತ್ತೇ ಇದೆ. ರೂಟರ್ ಮತ್ತು ಪೆಟ್ಟಿಗೆ ಎರಡನ್ನೂ ಒಂದೇ ಯು.ಪಿ.ಎಸ್.ಗೆ ಹಾಕುವುದು ಲೇಸು.

6. ಪರೀಕ್ಷೆ: ಪರದೆಯಲ್ಲಿ ಚಿತ್ರ ಬಂತೆಂದು ಏಣಿ ಇಳಿಯಬೇಡಿ. ಕಚೇರಿಯಿಂದ ಒಂದು ಅಂಕಿಯನ್ನು ಬದಲಾಯಿಸಿ ಅದು ಪರದೆಯಲ್ಲಿ ಬದಲಾಗುವುದನ್ನು ನೋಡಿರಿ. ಅನಂತರ ಕರೆಂಟು ತೆಗೆದು ಹಾಕಿ, ತಾನಾಗಿಯೇ ಮತ್ತೆ ಜೋಡಿಕೊಳ್ಳುವುದೋ ಪರೀಕ್ಷಿಸಿರಿ.

ಇಷ್ಟಾದರೂ ವೈ-ಫೈ ನಿಲ್ಲದಿದ್ದರೆ ಹಟ ಬೇಡ. ರೂಟರಿನಿಂದ ನೇರವಾಗಿ ಲ್ಯಾನ್ ತಂತಿ ಎಳೆಯಿರಿ. 100 ಮೀಟರ್ ತನಕ ಅದು ನಿರಾತಂಕವಾಗಿ ಕೆಲಸ ಮಾಡುತ್ತದೆ. ರೂಟರಿನೊಂದಿಗೆ ಬಂದ ಮೂಲ ಪಾಸ್‌ವರ್ಡನ್ನು ಬದಲಾಯಿಸಿ, ಹೊಸದನ್ನು ರಿಜಿಸ್ಟರಿನಲ್ಲಿ ಬರೆದು ಬೀಗದೊಳಗಿಡಿ. ಅದರ ಕೆಳಗೇ, ‘ಪಾಸ್‌ವರ್ಡ್ ಬದಲಾದರೆ ಪೆಟ್ಟಿಗೆಗೂ ತಿಳಿಸುವುದು’ ಎಂದು ಬರೆಯಿರಿ. ನಾನೀಗ ಹಾಗೆ ಬರೆದಿಟ್ಟಿದ್ದೇನೆ.

ಕೊನೆಯದಾಗಿ ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಪರದೆಯ ಕೆಳಮೂಲೆಯಲ್ಲಿ ಈಗ ದರ ಬರೆದ ದಿನಾಂಕ, ವೇಳೆ ಕಾಣುವಂತೆ ಮಾಡಿದ್ದೇವೆ. ಮೂಟೆ ಇಳಿಸುವ ಮುನ್ನ ಅದನ್ನು ಓದಿರಿ. ಹಳೆಯ ದಿನಾಂಕವಿದ್ದರೆ ಸಂಕೋಚವಿಲ್ಲದೆ ಒಳಗೆ ಬಂದು ಕೇಳಿರಿ. ಹಾಗೆ ಕೇಳುವುದು ತಮ್ಮ ಹಕ್ಕು. ಉತ್ತರ ಕೊಡುವುದು ನಮ್ಮ ಕರ್ತವ್ಯ.

— ಕಾರ್ಯದರ್ಶಿ