ಕಾಳಿಯ ನೊರೆನೀರಿಗೆ ಹೊರಡುವ ಮಲಪ್ರಭೆಯ ನೆರೆಹೊರೆಯವರಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ನಿವಾಸಿಗಳಿಗೆ ರಭಸದ ನದಿಯಲ್ಲಿ ತೆಪ್ಪವನ್ನೇರಿ ಸಾಗುವ ಅಪೇಕ್ಷೆಯುಂಟಾದರೆ ಅದಕ್ಕಾಗಿ ಹಿಮಾಲಯದ ತಪ್ಪಲಿಗೆ ಹೋಗಬೇಕಾದ ಅಗತ್ಯವಿಲ್ಲ. ಧಾರವಾಡವನ್ನು ದಾಟಿ, ಹಳಿಯಾಳದ ಮಾರ್ಗವಾಗಿ ದಾಂಡೇಲಿಯನ್ನು ಸೇರಿ, ಅಲ್ಲಿಂದ ಮುಂದೆ ಸುಮಾರು 25 ಕಿಲೋಮೀಟರ್ ಅರಣ್ಯದ ನಡುವಣ ರಸ್ತೆಯಲ್ಲಿ ಸಾಗಿ ಗಣೇಶಗುಡಿಯನ್ನು ಮುಟ್ಟಿದರೆ, ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ಕಾಳಿ ನದಿ ಕಣ್ಣೆದುರಿಗೆ ನಿಲ್ಲುತ್ತದೆ. ಖಾನಾಪುರದ ಕಣಕುಂಬಿಯಲ್ಲಿ ಜನಿಸುವ ನಮ್ಮ ಮಲಪ್ರಭೆಯೂ ಜೋಯಿಡಾದ ಡಿಗ್ಗಿಯಲ್ಲಿ ಜನಿಸುವ ಕಾಳಿಯೂ ಒಂದೇ ಸಹ್ಯಾದ್ರಿಯ ಸಂತಾನಗಳು. ಒಂದು ಪೂರ್ವಾಭಿಮುಖವಾಗಿ ಎರೆಭೂಮಿಯನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಇನ್ನೊಂದು ಪಶ್ಚಿಮಾಭಿಮುಖವಾಗಿ ಘಟ್ಟವನ್ನಿಳಿದು ಕಾರವಾರದ ಬಳಿ ಸಮುದ್ರವನ್ನು ಸೇರುತ್ತದೆ. ಆದಕಾರಣ ಕಾಳಿಯ ದರ್ಶನಕ್ಕೆ ಹೊರಡುವ ನಮ್ಮವರು ಪರಸ್ಥಳದ ನದಿಗೆ ಹೋಗುತ್ತಿದ್ದೇವೆಂದು ಭಾವಿಸದೆ, ನೆಂಟರ ಮನೆಗೆ ಹೋಗುವವರ ಮರ್ಯಾದೆಯನ್ನು ಪಾಲಿಸತಕ್ಕದ್ದು.

ಗಣೇಶಗುಡಿಯ ನೊರೆನೀರು ಕೇವಲ ಮಳೆಯ ಕೊಡುಗೆಯಲ್ಲವೆಂಬುದನ್ನು ಪ್ರವಾಸಿಗನು ಮೊದಲೇ ಅರಿತಿರಬೇಕು. 1987ರಲ್ಲಿ ಪೂರ್ಣಗೊಂಡ, 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಅಲ್ಲಿಯೇ ಇದೆ. ನವಿಲುತೀರ್ಥದ ರೇಣುಕಾಸಾಗರಕ್ಕಿಂತ ಸುಮಾರು ನಾಲ್ಕು ಪಟ್ಟು ನೀರನ್ನು ಹಿಡಿಯಬಲ್ಲ ಆ ಜಲಾಶಯದಲ್ಲಿ ಹಳೆಯ ಸೂಪಾ ಪಟ್ಟಣವೂ ಅನೇಕ ಹಳ್ಳಿಗಳೂ ಮುಳುಗಿಹೋದವು, ಅಲ್ಲಿನ ಜನರು ರಾಮನಗರ ಮೊದಲಾದೆಡೆಗಳಲ್ಲಿ ಹೊಸದಾಗಿ ಬದುಕನ್ನು ಕಟ್ಟಿಕೊಳ್ಳಬೇಕಾಯಿತು. ವಿದ್ಯುದಾಗಾರದ ಯಂತ್ರಗಳನ್ನು ತಿರುಗಿಸಿ ಹೊರಬಂದ ನೀರೇ ತೆಪ್ಪವನ್ನು ಹೊರುವುದರಿಂದ, ನೀರು ಬಿಡುವ ದಿನ ರಾಫ್ಟಿಂಗ್ ಉಂಟು, ಬಿಡದ ದಿನ ಇಲ್ಲ. ಮುಂಗಾರಿನ ಭರದಲ್ಲಿ ಪ್ರವಾಹದ ಭಯದಿಂದ ಸಾಮಾನ್ಯವಾಗಿ ಅದನ್ನು ನಿಲ್ಲಿಸಿಬಿಡುತ್ತಾರೆ. ಹಿಂದಿನ ದಿನವೇ ದೂರವಾಣಿಯಲ್ಲಿ ವಿಚಾರಿಸಿ, ನಡೆಸುವವರಿಗೆ ಸರಕಾರದ ಅನುಮತಿ ಇದೆಯೇ ಎಂಬುದನ್ನೂ ಕೇಳಿ ತಿಳಿದುಕೊಂಡು ಹೊರಟರೆ, ವ್ಯರ್ಥವಾಗಿ ಹೋಗಿಬರುವ ಡೀಸೆಲ್ ಉಳಿಯುತ್ತದೆ. ಇದೂ ಪರಿಸರಕ್ಕೆ ಮಾಡುವ ಸಣ್ಣ ಉಪಕಾರವಲ್ಲ.

ತೆಪ್ಪ ಸ್ವತಃ ನಿರಪರಾಧಿ. ಗಾಳಿ ತುಂಬಿದ ರಬ್ಬರಿನ ಆ ವಾಹನಕ್ಕೆ ಯಂತ್ರವಿಲ್ಲ, ಹೊಗೆಯಿಲ್ಲ; ಕುಳಿತವರ ತೋಳ್ಬಲವೂ ಕೈಯಲ್ಲಿನ ಹುಟ್ಟುಗಳೂ ನೀರಿನ ಸೆಳವೂ ಸೇರಿ ಅದನ್ನು ಮುಂದೊಯ್ಯುತ್ತವೆ. ನದಿಗೂ ಅಡವಿಗೂ ಕೇಡಾಗುವುದು ತೆಪ್ಪವೇರುವ ಮೊದಲು ಮತ್ತು ಇಳಿದ ತರುವಾಯ, ಅಂದರೆ ರಸ್ತೆಯಲ್ಲಿ, ದಡದಲ್ಲಿ, ವಸತಿಗೃಹದಲ್ಲಿ. ಎಚ್ಚರವನ್ನೂ ಅಲ್ಲಿಯೇ ಹೆಚ್ಚಾಗಿ ವಹಿಸಬೇಕು.

ಪ್ರಯಾಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಎಂಟು ಮಂದಿ ಗೆಳೆಯರು ನಾಲ್ಕು ಕಾರುಗಳಲ್ಲಿ ಹೊರಡುವುದು ಅನುಚಿತ. ಸವದತ್ತಿಯಿಂದ ಧಾರವಾಡಕ್ಕೆ ಸುಮಾರು 40 ಕಿಲೋಮೀಟರ್, ಕಿತ್ತೂರಿನಿಂದ ಇನ್ನೂ ಕಡಿಮೆ. ರಾಮದುರ್ಗದವರು ಸವದತ್ತಿಯ ಮೇಲಿಂದ, ಬೈಲಹೊಂಗಲದವರು ನೇರವಾಗಿ, ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಧಾರವಾಡಕ್ಕೆ ಬಂದು, ಅಲ್ಲಿಂದ ದಾಂಡೇಲಿಯ ಬಸ್ಸನ್ನು ಹಿಡಿಯಬಹುದು. ಪರಿವಾರ ದೊಡ್ಡದಿದ್ದರೆ ಜಾತ್ರೆಗೆ ಹೋಗುವಂತೆ ಒಂದೇ ಕ್ರೂಸರ್ ಗೊತ್ತುಮಾಡಿಕೊಳ್ಳಬಹುದು. ಬೆಳಗಿನ ಹೊತ್ತಿನಲ್ಲಿಯೇ ಕಾಡಿನ ರಸ್ತೆಯನ್ನು ದಾಟುವುದು ಮೇಲು, ಏತಕ್ಕೆಂದರೆ ಕತ್ತಲಾದ ಮೇಲೆ ಆ ರಸ್ತೆ ವಾಹನಗಳಿಗಿಂತ ವನ್ಯಮೃಗಗಳಿಗೆ ಹೆಚ್ಚು ಸಲ್ಲುತ್ತದೆ. ಈ ಸೀಮೆಯ ಬಹುಭಾಗ 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರನ್ನು ಪಡೆದಿದೆ.

ಆಹಾರದ ವಿಷಯದಲ್ಲಿ ನಮ್ಮ ಭಾಗದವರಿಗೆ ಯಾರ ಉಪದೇಶವೂ ಬೇಕಾಗಿಲ್ಲ. ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಹಿರಿಯರ ಬುತ್ತಿಯನ್ನು ನೆನಪಿಗೆ ತಂದುಕೊಂಡರೆ ಸಾಕು: ಒಗೆದ ಬಿಳಿಯ ಅರಿವೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಚಟ್ನಿ ಮತ್ತು ಗುರೆಳ್ಳು ಪುಡಿ, ಬೇರೊಂದು ಗಂಟಿನಲ್ಲಿ ಉಳ್ಳಾಗಡ್ಡಿ, ಕುಡಿಯಲು ತಂಬಿಗೆ. ಈ ಬುತ್ತಿಯನ್ನು ಬಿಚ್ಚಿ ಉಂಡು ಎದ್ದ ಮೇಲೆ ನೆಲದಲ್ಲಿ ಉಳಿಯುತ್ತಿದ್ದುದು ಇರುವೆ ಒಯ್ಯಬಹುದಾದ ರೊಟ್ಟಿಯ ಚೂರು ಮಾತ್ರ. ಅರಿವೆಯನ್ನು ಝಾಡಿಸಿ ಮಡಿಸಿದರೆ ಮನೆಯವರೆಗೆ ಮತ್ತೆ ಕೆಲಸವಿಲ್ಲ. ಖಡಕ್ ರೊಟ್ಟಿ ದಿನಗಟ್ಟಲೆ ಕೆಡದೆ ಇರುವುದರಿಂದ ಎರಡು ದಿನದ ಪ್ರವಾಸಕ್ಕೆ ಇದಕ್ಕಿಂತ ಯೋಗ್ಯವಾದ ಆಹಾರವನ್ನು ಯಾವ ಅಂಗಡಿಯೂ ಪೊಟ್ಟಣದಲ್ಲಿ ಕೊಡಲಾರದು. ತಟ್ಟೆ ಬೇಕಾದವರು ಮುತ್ತುಗದ ಎಲೆಯ ಪತ್ರಾವಳಿಯನ್ನು ಒಯ್ಯಲಿ. ನೀರಿಗೆ ಸ್ಟೀಲಿನ ಬಾಟಲಿಯಿರಲಿ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧವಾಗಿವೆ, ಕರ್ನಾಟಕದಲ್ಲಂತೂ 2016ರಲ್ಲಿಯೇ ಪ್ಲಾಸ್ಟಿಕ್ ನಿಷೇಧ ಬಂದಿತ್ತು. ಗುಟಖಾ ಚೀಟಿಯನ್ನು ಮಾತ್ರ ಯಾರೂ ಕಸವೆಂದು ಎಣಿಸುವುದಿಲ್ಲ. ಬೆರಳಗಲದ ಆ ಹೊಳಪಿನ ಚೂರು ಕೈಯಿಂದ ಜಾರಿದೊಡನೆ ನೀರಿಗೆ ಬೀಳುತ್ತದೆ, ಮುಂದಿನ ಬೊಮ್ಮನಹಳ್ಳಿ ಜಲಾಶಯದವರೆಗೂ ತೇಲಿ ಹೋಗಬಲ್ಲದು. ಅದನ್ನು ಊರಲ್ಲಿಯೇ ಬಿಟ್ಟು ಬರಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ನದಿಗಿಳಿಯುವ ಮುನ್ನ ಮೈಗೆ ಬಿಸಿಲಿನ ಲೇಪ ಬಳಿದುಕೊಳ್ಳುವ ಬದಲು ತೋಳು ಮುಚ್ಚುವ, ಬೇಗ ಒಣಗುವ ಅಂಗಿಯನ್ನು ತೊಟ್ಟರೆ ನೀರಿಗೆ ರಾಸಾಯನಿಕ ಸೇರುವುದಿಲ್ಲ. ದಡದಲ್ಲಿ ಸಾಬೂನು, ಶಾಂಪೂ ಹಚ್ಚಿ ಸ್ನಾನ ಮಾಡುವುದಾಗಲಿ, ಒದ್ದೆ ಬಟ್ಟೆಗಳನ್ನು ಅಲ್ಲಿಯೇ ಒಗೆಯುವುದಾಗಲಿ ಸಲ್ಲದು. ಲೈಫ್ ಜಾಕೆಟ್, ಹೆಲ್ಮೆಟ್‌ಗಳನ್ನು ಕಡೆಯ ತನಕ ಬಿಚ್ಚದಿರಿ. ದಾಂಡೇಲಿಯ ಆಸುಪಾಸಿನ ಕಾಳಿಯಲ್ಲಿ ಮೊಸಳೆಗಳಿರುವುದರಿಂದ ಗೈಡ್ ಹೇಳಿದ ಜಾಗವನ್ನುಳಿದು ಬೇರೆಲ್ಲಿಯೂ ನೀರಿಗಿಳಿಯಕೂಡದು, ಉಳಿದ ಅನ್ನ, ಮಾಂಸದ ಚೂರುಗಳನ್ನು ನದಿಗೆ ಎಸೆದು ಮೊಸಳೆಗಳನ್ನು ಮನುಷ್ಯರ ಹತ್ತಿರಕ್ಕೆ ಕರೆಯಲೂ ಕೂಡದು.

ಶಬ್ದದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ದಾಂಡೇಲಿಯ ಕಾಡು ಮಂಗಟ್ಟೆ ಹಕ್ಕಿಗಳ ನೆಲೆವೀಡು. ನಾಲ್ಕು ಜಾತಿಯ ಮಂಗಟ್ಟೆಗಳು ಅಲ್ಲಿವೆ, ಅವುಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಬೇಸಗೆಯ ತಿಂಗಳುಗಳಲ್ಲಿ ಹೆಣ್ಣು ಹಕ್ಕಿ ಹಳೆಯ ಹೆಮ್ಮರದ ಪೊಟರೆಯನ್ನು ಹೊಕ್ಕು, ಪೊಟರೆಯ ಬಾಯಿಯನ್ನು ಹಿಕ್ಕೆ ಮೊದಲಾದುವುಗಳಿಂದ ಮೆತ್ತಿ ಮುಚ್ಚಿಕೊಂಡು, ಕೊಕ್ಕು ಮಾತ್ರ ಹೊರಬರುವಷ್ಟು ಸೀಳನ್ನು ಉಳಿಸಿಕೊಂಡು ಮೊಟ್ಟೆಯಿಟ್ಟು ಕಾವು ಕೊಡುತ್ತದೆ. ಗಂಡು ಹಕ್ಕಿ ಅಡವಿಯನ್ನೆಲ್ಲ ಸುತ್ತಿ ಆಲ, ಅತ್ತಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಆ ಸೀಳಿನೊಳಕ್ಕೆ ನೀಡುತ್ತದೆ. ಮರದ ಬುಡದಲ್ಲಿ ಜನ ನೆರೆದು ಧ್ವನಿವರ್ಧಕದಲ್ಲಿ ಹಾಡು ಹಾಕಿದರೆ ಅದು ಹತ್ತಿರ ಬರಲು ಅಂಜುತ್ತದೆ, ಒಳಗಿರುವ ತಾಯಿಯೂ ಮರಿಯೂ ಹಸಿವಿನಲ್ಲಿ ಕಾಯಬೇಕಾಗುತ್ತದೆ. ನಮ್ಮ ಜನಕ್ಕೆ ಜಲಕ್ರೀಡೆಗೆ ಅನುಕೂಲವಾದ ರಜೆಯ ಕಾಲವೇ ಆ ಹಕ್ಕಿಯ ಸಂಸಾರದ ಕಾಲವಾಗಿರುವುದರಿಂದ, ತೆಪ್ಪದಲ್ಲಿ ಕೇಕೆ ಹಾಕುವ ಸಂತೋಷಕ್ಕೆ ಅಡ್ಡಿಯಿಲ್ಲದಿದ್ದರೂ, ದಡಕ್ಕೆ ಬಂದ ಮೇಲೆ ಡಿಜೆಯನ್ನೂ ಪಟಾಕಿಯನ್ನೂ ಬೇಡಬಾರದು. ಅವನ್ನು ಒದಗಿಸುವ ವಸತಿಗೃಹಕ್ಕೆ ಹೋಗಲೇಬಾರದು.

ವಸತಿಯನ್ನು ಆರಿಸುವಾಗ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆಂದು ಸಂಕೋಚವಿಲ್ಲದೆ ಕೇಳಿ. ಉತ್ತರ ಕೊಡಲು ತಡವರಿಸುವ ಸ್ಥಳಕ್ಕಿಂತ ಜೋಯಿಡಾದ ಹಳ್ಳಿಗಳ ಚಿಕ್ಕ ಮನೆವಾಸವೇ ಲೇಸು. ಆ ಸೀಮೆಯ ಕುಣಬಿ ಜನರು ಗೆಡ್ಡೆಗೆಣಸುಗಳ ಬೇಸಾಯದಲ್ಲಿ ನಿಷ್ಣಾತರು, ಜೋಯಿಡಾದಲ್ಲಿ ಗೆಡ್ಡೆಗೆಣಸಿನ ಮೇಳವೂ ನಡೆಯುತ್ತದೆ. ಅವರ ಅಂಗಳದಲ್ಲಿ ಉಂಡರೆ ನಿಮ್ಮ ಹಣ ಕಾಡನ್ನು ಕಾಯ್ದವರ ಕೈಸೇರುತ್ತದೆ.

ಹಿಂದಿರುಗುವ ದಾರಿಯಲ್ಲಿ ಬಿಡುವಿದ್ದವರು ನವಿಲುತೀರ್ಥಕ್ಕೂ ಬೈಲಹೊಂಗಲದ ಆಚೆಯ ಸೊಗಲದ ಜಲಪಾತಕ್ಕೂ ಹೋಗಿಬರಬಹುದು. ಅಲ್ಲಿ ತೆಪ್ಪವಿಲ್ಲ, ಆದರೆ ನವಿಲುತೀರ್ಥದಲ್ಲಿ ಗುಡ್ಡವನ್ನು ಸೀಳಿ ಹರಿದ ಮಲಪ್ರಭೆಯ ಕಂದರವನ್ನು ಸಮಾಧಾನದಿಂದ ನಿಂತು ನೋಡಬಹುದು. 2019ರ ಆಗಸ್ಟಿನಲ್ಲಿ ರಾಮದುರ್ಗದ ಬೀದಿಗಳನ್ನು ಹೊಕ್ಕ ನದಿ ಇದೇ; ಬೇಸಗೆಯಲ್ಲಿ ಬತ್ತಿ ಮರಳು ಕಾಣಿಸುವುದೂ ಇದೇ. ಗಣೇಶಗುಡಿಯಲ್ಲಿ ಒಂದು ಚೀಟಿಯನ್ನೂ ಬೀಳಿಸದೆ ಬಂದವರು, ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಎಲ್ಲಮ್ಮನ ಗುಡ್ಡಕ್ಕೆ ಹೋದಾಗಲೂ ತಮ್ಮ ಕಸವನ್ನು ಜೋಗುಳಭಾವಿಯ ಬದಿಯಲ್ಲಿ ಬಿಡದೆ ಚೀಲದಲ್ಲಿ ಕಟ್ಟಿ ಊರಿಗೆ ತರಲಿ, ಮನೆಮಂದಿಗೂ ಅದನ್ನೇ ಹೇಳಲಿ.