ಶಾಲೆ ಕಲಿಸುವ ಇನ್ನೊಂದು ಪಾಠ



‘ನಾನು ಯಾರು?’ ಎಂಬುದು ತತ್ವಶಾಸ್ತ್ರದ ಹಳೆಯ ಪ್ರಶ್ನೆ. ಇದಕ್ಕೆ ಮಗು ಪುಸ್ತಕದಲ್ಲಿ ಉತ್ತರ ಹುಡುಕುವುದಿಲ್ಲ. ಟೀಚರು ತನ್ನನ್ನು ಏನೆಂದು ಕರೆಯುತ್ತಾರೆ, ತನ್ನ ಮನೆಮಾತು ಕೇಳಿ ಯಾರು ನಗುತ್ತಾರೆ, ಪಕ್ಕದಲ್ಲಿ ಕೂರಲು ಯಾರು ಹಿಂಜರಿಯುತ್ತಾರೆ ಎಂಬುದರಿಂದ ತನ್ನ ಜನ ಎಂಥವರೆಂದು ಅದು ತಿಳಿದುಕೊಳ್ಳುತ್ತದೆ.

ಈ ಪಾಠ ಎಷ್ಟು ಆಳಕ್ಕಿಳಿಯಬಲ್ಲದು ಎಂಬುದಕ್ಕೆ ಕೆನಡಾ ದೇಶದ ವಸತಿಶಾಲೆಗಳೇ ಸಾಕ್ಷಿ. 19ನೇ ಶತಮಾನದಿಂದ 1990ರ ದಶಕದವರೆಗೆ ಅಲ್ಲಿಯ ಮೂಲನಿವಾಸಿಗಳ 1,50,000ಕ್ಕೂ ಹೆಚ್ಚು ಮಕ್ಕಳನ್ನು ಮನೆಯಿಂದ ದೂರ ಮಾಡಿ ಇವುಗಳಲ್ಲಿ ಇರಿಸಲಾಯಿತು. ಹಣ ಸರ್ಕಾರದ್ದು, ಆಡಳಿತ ಬಹುಮಟ್ಟಿಗೆ ಕ್ರೈಸ್ತ ಸಭೆಗಳದ್ದು. ಅರ್ಧಕ್ಕೂ ಹೆಚ್ಚು ಶಾಲೆಗಳನ್ನು ನಡೆಸಿದವರು ನಮ್ಮ ಕಥೋಲಿಕರೇ. ಬಂದ ಮಗುವಿನ ಜಡೆಯನ್ನು ಕತ್ತರಿಸುತ್ತಿದ್ದರು. ಬೇರೆ ಹೆಸರಿಡುತ್ತಿದ್ದರು, ಎಷ್ಟೋ ಕಡೆ ಸಂಖ್ಯೆಯಿಂದಲೇ ಗುರುತಿಸುತ್ತಿದ್ದರು. ತಾಯ್ನುಡಿ ಆಡಿದರೆ ಶಿಕ್ಷೆ. ಊರಿಗೆ ಮರಳಿದಾಗ ಅನೇಕರಿಗೆ ಅಜ್ಜಿಯ ಮಾತೇ ಅರ್ಥವಾಗಲಿಲ್ಲ. ತಾವೇ ಹೆತ್ತವರಾದಾಗ ಮಕ್ಕಳಿಗೆ ಕಲಿಸಲು ಆ ಭಾಷೆ ಅವರಲ್ಲಿ ಉಳಿದಿರಲಿಲ್ಲ.

ಇದನ್ನು ವಿಚಾರಿಸಿದ ಅಲ್ಲಿಯ ಸತ್ಯ ಮತ್ತು ಸಂಧಾನ ಆಯೋಗ 2015ರಲ್ಲಿ ‘ಸಾಂಸ್ಕೃತಿಕ ನರಮೇಧ’ ಎಂಬ ಕಠಿಣ ಪದವನ್ನೇ ಬಳಸಿತು. 2022ರ ಜುಲೈಯಲ್ಲಿ ಅಂದಿನ ಜಗದ್ಗುರು ಫ್ರಾನ್ಸಿಸರು ಕೆನಡಾಕ್ಕೆ ಹೋಗಿ ಆ ಜನರ ಮುಂದೆ ಕ್ಷಮೆ ಯಾಚಿಸಿದರು.

ಆ ಶಾಲೆಗಳನ್ನು ನಡೆಸಿದ ಎಷ್ಟೋ ಮಂದಿ ಮಕ್ಕಳಿಗೆ ಒಳಿತನ್ನೇ ಮಾಡುತ್ತಿದ್ದೇವೆಂದು ನಂಬಿದ್ದರು. ಆದ್ದರಿಂದಲೇ ನಾವೂ ಎಚ್ಚರದಿಂದಿರಬೇಕು. ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಿದರೆ ದಂಡ ಹಾಕುವ ಶಾಲೆಗಳು ನಮ್ಮಲ್ಲೂ ಉಂಟು. ಉತ್ತರ ಕನ್ನಡದಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನರಿದ್ದಾರೆ. ಅವರಲ್ಲಿ ಕಥೋಲಿಕರೂ ಇದ್ದಾರೆ. ಸಿದ್ದಿ ಮಗುವಿನ ಗುಂಗುರು ಕೂದಲನ್ನು ಸಹಪಾಠಿಗಳು ಹಾಸ್ಯಮಾಡುವಾಗ ಟೀಚರು ಸುಮ್ಮನಿದ್ದರೆ, ಆ ಮೌನವೂ ಒಂದು ಪಾಠವೇ.

ಪೆಂತಕೋಸ್ತ್ ದಿನದಂದು ಪವಿತ್ರಾತ್ಮರು ನೆರೆದವರಿಗೆಲ್ಲ ಒಂದೇ ಭಾಷೆ ಹೊರಿಸಲಿಲ್ಲ. ಪ್ರತಿಯೊಬ್ಬರೂ ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ನುಡಿಯಲ್ಲೇ ಕೇಳಿದರು.

ಹಾಗಾದರೆ ನಾವೇನು ಮಾಡಬೇಕು? ಸಂಜೆಯ ಜಪಸರವನ್ನು ಮನೆಮಾತಿನಲ್ಲೇ ಹೇಳೋಣ, ಅದು ಕನ್ನಡವಿರಲಿ, ಕೊಂಕಣಿಯಿರಲಿ, ತಮಿಳಿರಲಿ. ಅಂಕಗಳನ್ನು ಕೇಳುವ ಮೊದಲು, “ಶಾಲೆಯಲ್ಲಿ ನಿನ್ನನ್ನು ಏನೆಂದು ಕರೆಯುತ್ತಾರೆ?” ಎಂದು ಕೇಳೋಣ. ಜೊತೆಗೆ, “ನೀನು ಬೇರೆಯವರನ್ನು ಏನೆಂದು ಕರೆಯುತ್ತೀ?” ಎಂದೂ ಕೇಳೋಣ. ಉತ್ತರ ನೋವಿನದಾಗಿದ್ದರೆ ಮುಂದಿನ ಪಾಲಕರ ಸಭೆಯಲ್ಲಿ ಬಾಯಿ ಬಿಡೋಣ.